ಟೆಹಚಾಪಿಯ ತೋಳ

ಪೋರ್ಟರ್ ರ್ಯಾಂಚ್
ಅಕ್ಟೋಬರ್ 12, 2025, ಭಾನುವಾರ

ನನ್ನ ಮುದ್ದು ಮೇಧಾ,

ಫೋನ್ ಮಾಡದೆ ಇದೇನು ಕಾಗದ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಹಿಡಿತದಲ್ಲಿದೆ, ಮೊಣಕಾಲು ಎಂದಿನಂತೆ. ಫೋನಿನಲ್ಲಿ ಈ ವಿಷಯ ಶುರು ಮಾಡಿದರೆ ನೀನು ಎರಡನೆಯ ವಾಕ್ಯಕ್ಕೇ “ಅಮ್ಮಾ, ನಾಟ್ ನೌ” ಎನ್ನುತ್ತೀಯ, ನಾನು ಸರಿ ಬಿಡು ಎನ್ನುತ್ತೇನೆ, ಸ್ಯಾನ್ ಡಿಯಾಗೋದಲ್ಲಿ ಬಿಸಿಲೆಷ್ಟು, ಇಲ್ಲಿ ಬಿಸಿಲೆಷ್ಟು ಎಂದು ಮಾತಾಡಿ ಇಬ್ಬರೂ ಇಟ್ಟುಬಿಡುತ್ತೇವೆ. ಅಪ್ಪ ಹೋದಾಗಿನಿಂದ ಹೀಗೇ ನಡೆದಿದೆ. ಅದಕ್ಕೆ ಬರೆಯುತ್ತಿದ್ದೇನೆ. ಶನಿವಾರದ ಕನ್ನಡ ಶಾಲೆಯಲ್ಲಿ ನಿನಗೆ ಅಕ್ಷರ ತಿದ್ದಿಸಿದವಳು ನಾನೇ, ನೀನು ಎಷ್ಟು ನಿಧಾನವಾಗಿ ಓದುತ್ತೀಯ ಎಂದು ನನಗೆ ಗೊತ್ತು. ಒತ್ತಕ್ಷರ ಬಂದಲ್ಲಿ ತಡವರಿಸಿದರೆ ಗಟ್ಟಿಯಾಗಿ ಓದಿಕೋ. ಕಿವಿಗೆ ಬಿದ್ದರೆ ನಿನಗೆ ಅರ್ಥವಾಗುತ್ತದೆ. ಆಕರ್ಷನ ಕೈಲಿ ಓದಿಸಬೇಡ. ಅವನು ನಿನ್ನ ಗಂಡ, ಒಳ್ಳೆಯ ಹುಡುಗ. ಆದರೂ ಇದು ನಮ್ಮಿಬ್ಬರದು.

ಅವನು ಮೊನ್ನೆ ನನಗೆ ಫೋನ್ ಮಾಡಿದ್ದ. ಬೈಯಬೇಡ ಅವನನ್ನು. ನೀನು ರಾಜೀನಾಮೆ ಬರೆದಿಟ್ಟಿದ್ದೀಯ, ನಿನ್ನ ತೋಳದ ಅಧ್ಯಯನದ ವರದಿ ಅಚ್ಚಿಗೆ ಹೋಗುವ ಮುಂಚೆ ಅಪ್ಪನ ಮಾತಿರುವ ಪುಟವನ್ನು ತೆಗೆದುಹಾಕುತ್ತೀಯ ಎಂದ. ಆಮೇಲೆ, ಆಸ್ಪತ್ರೆಯಲ್ಲಿ ನೀನು ಅಪ್ಪನ ಕೈ ಹಿಡಿದು ಸಾರಿ ಕೇಳಿದ್ದನ್ನೂ, ಅವರು ಕೇಳಿಸದವರಂತೆ ಬೇರೆ ಮಾತು ತೆಗೆದದ್ದನ್ನೂ ಹೇಳಿದ. ಅಪ್ಪ ನಿನ್ನನ್ನು ಕ್ಷಮಿಸದೆ ಹೋದರು ಎಂದುಕೊಂಡು ನೀನು ಇಷ್ಟು ತಿಂಗಳಿಂದ ಬದುಕುತ್ತಿದ್ದೀಯಂತೆ.

ಇದು ನನಗೆ ಗೊತ್ತಿರಲಿಲ್ಲ ಮೇಧಾ. ಆ ಹೊತ್ತಿನಲ್ಲಿ ನಾನು ಕೆಳಗೆ ಔಷಧಿ ತರಲು ಹೋಗಿದ್ದೆ. ಗೊತ್ತಿದ್ದರೆ ಅವತ್ತೇ ನಿನ್ನನ್ನು ಕೂರಿಸಿ ಹೇಳುತ್ತಿದ್ದೆ. ಅವರು ಹೇಳಬೇಡ ಎಂದಿದ್ದ ಒಂದು ಸಂಗತಿಯೂ ಇದೆ. ಅದನ್ನೂ ಇವತ್ತು ಹೇಳಿಬಿಡುತ್ತೇನೆ. ಆದರೆ ಮೊದಲಿನಿಂದ ಹೇಳಿದರೇ ಸರಿಹೋಗುವುದು.

ನಿನ್ನ ಅಧ್ಯಯನದಲ್ಲಿ ಬೇಟೆಗಾರರನ್ನು ಬೇರೆ ಬೇರೆ ಗುಂಪು ಮಾಡಿದ್ದೀಯಲ್ಲ, ಅಪ್ಪನನ್ನು ‘ದೊಡ್ಡವರಾದ ಮೇಲೆ ಬೇಟೆ ಕಲಿತವರು’ ಎಂಬ ಗುಂಪಿಗೆ ಹಾಕಿದ್ದೆ. ಬಂದೂಕು ಕೊಂಡದ್ದು ಇಲ್ಲಿಗೆ ಬಂದ ಮೇಲೆ, ನಿಜ. ಆದರೆ ಹುಣಸೂರಿನ ಅರಸು ಮನೆಯ ಹುಡುಗ ಅವರು. ತಮ್ಮ ತಾತನ ಜೀಪಿನ ಹಿಂದೆ ಕೂತು ಕಾಕನಕೋಟೆ ಕಾಡಿಗೆ ಹೋಗುತ್ತಿದ್ದವರು. ಕಡವೆಯ ಹೆಜ್ಜೆ ಯಾವುದು, ಜಿಂಕೆಯ ಹೆಜ್ಜೆ ಯಾವುದು ಎಂದು ಅಕ್ಷರ ಕಲಿಯುವ ಮೊದಲೇ ಕಲಿತವರು. ಆ ತಾತನಿಗೆ ಹುಲಿಯ ಮೇಲೂ ಸಿಟ್ಟಿರಲಿಲ್ಲವಂತೆ. ಸಿಟ್ಟಿದ್ದದ್ದು ಕೆನ್ನಾಯಿಗಳ ಮೇಲೆ. ಹಿಂಡು ಕಟ್ಟಿ ಬರುವ ಆ ಕೆಂಪು ಕಾಡುನಾಯಿಗಳು ಜಿಂಕೆಗಳನ್ನೆಲ್ಲ ಮುಗಿಸುತ್ತವೆ ಎಂದು ಕಂಡಲ್ಲಿ ಹೊಡೆಯುತ್ತಿದ್ದರು. ಸರ್ಕಾರವೇ ಅದಕ್ಕೆ ಇನಾಮು ಕೊಡುತ್ತಿದ್ದ ಕಾಲ. ಆಮೇಲೆ ಬೇಟೆ ನಿಲ್ಲಿಸುವ ಕಾನೂನು ಬಂತು. ಅಪ್ಪನಿಗಾಗ ಹದಿನೈದು ವರ್ಷವೇನೋ. ‘ಮುಂದಿನ ವರ್ಷ ನಿನ್ನ ಕೈಗೆ ಬಂದೂಕು’ ಎಂದು ತಾತ ಹೇಳಿದ್ದ ಆ ಮುಂದಿನ ವರ್ಷ ಬರಲೇ ಇಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಟೆಲಿಕಾಂ ಕಂಪನಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಹೆಕ್ಟರ್ ಒಂದು ಶರತ್ಕಾಲ “ಐಡಾಹೋಗೆ ಬರ್ತೀಯಾ, ಎಲ್ಕ್ ಹೊಡೆಯೋಕೆ?” ಎಂದು ಕೇಳಿದಾಗ ಅವರು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಲವತ್ತರ ಗಂಡಸು. ಮುಖ ಮಾತ್ರ ಹುಡುಗನದ್ದು. “ಇಲ್ಲಿ ಬಿಡ್ತಾರಂತೆ ಕಣೇ,” ಎಂದರು. ಅಷ್ಟೇ. ಈ ದೇಶಕ್ಕೆ ಬಂದು ಅಷ್ಟು ವರ್ಷವಾಗಿತ್ತು, ಮನೆ ಕೊಂಡಿದ್ದೆವು, ಸಿಟಿಜನ್ ಆಗಿದ್ದೆವು. ಆದರೆ ಅವರು ಈ ದೇಶಕ್ಕೆ ನಿಜವಾಗಿ ಬಂದದ್ದು ಆವತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಿನಗೆ ಹತ್ತು ವರ್ಷವಿದ್ದಾಗ ನಿನ್ನನ್ನೂ ಕರೆದುಕೊಂಡು ಹೋಗಿದ್ದರು. ನಾನು ಬೇಡವೆಂದಿದ್ದೆ. ವಾಪಸ್ ಬಂದ ನೀನು ವಾರಗಟ್ಟಲೆ ಮನೆಯೊಳಗೆ ಗಂಡು ಎಲ್ಕಿನ ಹಾಗೆ ಕೂಗುತ್ತಿದ್ದೆ. ನಮ್ಮ ಕಡವೆಗಿಂತ ದೊಡ್ಡ ಮೈ, ಆ ಮೈಯಿಂದ ಕೊಳಲಿನಂಥ ಸಣ್ಣ ಸ್ವರ ಹೊರಡುತ್ತದೆ ಎಂದು ಅಪ್ಪ ನಗುತ್ತಿದ್ದರು. ನೀನು ಕಾಡಿನ ಪ್ರಾಣಿಗಳನ್ನೇ ಓದುತ್ತೇನೆ ಎಂದು ಹೊರಟಾಗ ಕನ್ನಡ ಸಂಘದ ಜನ ಡಾಕ್ಟರ್ ಯಾಕೆ ಬೇಡ ಎಂದು ಕೇಳಿದರು. ಅಪ್ಪ ಮಾತ್ರ ಕೇಳಲಿಲ್ಲ. ತಾನು ಕಲಿಸಿದ್ದೇ ಇದು ಎಂಬ ಹೆಮ್ಮೆ ಅವರಿಗೆ.

ಆಮೇಲೆ ಐಡಾಹೋದ ಆ ಹುಲ್ಲುಗಾವಲಿಗೆ ಅವರಿಬ್ಬರೂ ಹೋಗಿ ಹೋಗಿ ಬರಿಗೈಯಲ್ಲಿ ಬರತೊಡಗಿದರು. ಮೊದಲು ನಲವತ್ತು, ಐವತ್ತು ಎಲ್ಕ್ ಬೆಳಗಿನ ಬಿಸಿಲಿಗೆ ನಿಲ್ಲುತ್ತಿದ್ದ ಜಾಗದಲ್ಲಿ ಒಂದೂ ಇಲ್ಲ. ದಾರಿಯ ಡೈನರಿನಲ್ಲಿ, ಮೋಟೆಲಿನಲ್ಲಿ, ಪೆಟ್ರೋಲ್ ಹಾಕಿಸುವಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ತೋಳ. ಸರ್ಕಾರ ತಂದು ಬಿಟ್ಟ ತೋಳಗಳು ಎಲ್ಕನ್ನೆಲ್ಲ ತಿಂದು ಹಾಕಿದವು. ಹೆಕ್ಟರ್ ಅದನ್ನು ಕೂಗಿ ಹೇಳುತ್ತಿದ್ದ. ಅಪ್ಪ ಮೆಲ್ಲಗೆ ಹೇಳುತ್ತಿದ್ದರು. ಅವರಿಗೆ ಹೊಸದಾಗಿ ನಂಬಬೇಕಾದ್ದು ಏನೂ ಇರಲಿಲ್ಲ. ತಾತನ ಕೆನ್ನಾಯಿಯೇ ಇಲ್ಲಿ ಬೂದುಬಣ್ಣ ಬಳಿದುಕೊಂಡು ಬಂದಿತ್ತು.

2020ರ ಬೇಸಿಗೆ ನಿನಗೆ ನೆನಪಿರಬೇಕು. ಎಲ್ಲ ಮುಚ್ಚಿತ್ತು. ನೀನು ಸ್ಯಾನ್ ಡಿಯಾಗೋದಿಂದ ಬಂದು ನಿನ್ನ ಹಳೆಯ ಕೋಣೆಯಲ್ಲಿ ಕೂತು ಊರೂರ ಬೇಟೆಗಾರರಿಗೆ ಫೋನ್ ಮಾಡಿ ತೋಳದ ಬಗ್ಗೆ ಅವರಿಗೇನನ್ನಿಸುತ್ತದೆ ಎಂದು ಕೇಳುತ್ತಿದ್ದೆ. ಕೊನೆಗೊಂದು ದಿನ ಊಟದ ಹೊತ್ತಿನಲ್ಲಿ “ಅಪ್ಪಾ, ಕ್ಯಾನ್ ಐ ಇಂಟರ್ವ್ಯೂ ಯು?” ಎಂದೆ. ಅವರು ತಮಾಷೆ ಎಂದುಕೊಂಡರು. ಅಲ್ಲ ಎಂದು ತಿಳಿದ ಮೇಲೆ ಎದ್ದು ಹೋಗಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು! ಹಿತ್ತಲ ನಿಂಬೆಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರಿ. ಯಾವ ಭಾಷೆಯಲ್ಲಿ ಆರಾಮವೋ ಅದರಲ್ಲಿ ಮಾತಾಡಿ ಎಂದೆ ನೀನು. ಅವರು ಕನ್ನಡದಲ್ಲಿ ಮಾತಾಡಿದರು. ಮಧ್ಯಾಹ್ನವೆಲ್ಲ ಮಾತಾಡಿದರು. ನಾನು ಮಜ್ಜಿಗೆ ತಂದಿಟ್ಟು ಹೋಗುವಾಗ ಕಿವಿಗೆ ಬಿದ್ದದ್ದು ಇದು: “ತೋಳ ಬಂದ್ಮೇಲೆ ಕಾಡು ನನ್ನ ಗುರುತು ಹಿಡಿಯೋದನ್ನ ಬಿಟ್ಟುಬಿಡ್ತು ಮಗಳೇ.”

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಕಣ್ಣು ತುಂಬಿತ್ತು. ನೀನೂ ನೋಡಿದೆ. ಎರಡು ಕಾಡು ಅವರ ಕೈ ಬಿಟ್ಟಿದ್ದವು. ಒಂದನ್ನು ಕಾನೂನು ತೆಗೆದುಕೊಂಡಿತು, ಇನ್ನೊಂದನ್ನು ತೋಳ ತೆಗೆದುಕೊಂಡಿತು ಎಂದು ಅವರ ಲೆಕ್ಕ.

ನಿನ್ನ ಲೆಕ್ಕ ಬೇರೆ. ಅದನ್ನೂ ನಾನು ನ್ಯಾಯವಾಗಿ ಹೇಳಬೇಕು. ಕೆಲವು ಕಡೆ ತೋಳದಿಂದ ಎಲ್ಕ್ ಕಡಿಮೆಯಾಗಿದೆ, ಬಹಳ ಕಡೆ ಆಗಿಲ್ಲ. ಅವು ಬಯಲಲ್ಲಿ ನಿಲ್ಲುವುದನ್ನು ಬಿಟ್ಟು ದಟ್ಟ ಮರಗಳ ನಡುವೆ ಸೇರಿಕೊಂಡಿವೆ, ಬೇಟೆಗಾರರನ್ನು ಬಿಡದ ಖಾಸಗಿ ಜಮೀನುಗಳಿಗೆ ಹೋಗಿವೆ. ಚಳಿಗಾಲ, ಬೆಂಕಿ, ಕರಡಿ, ಪ್ಯೂಮಾ ಎಲ್ಲದರ ಪಾಲೂ ಇದೆ. ಕಣ್ಣಿಗೆ ಕಾಣದ್ದನ್ನು ಬೇಟೆಗಾರ ಸತ್ತಿದೆ ಎಂದುಕೊಳ್ಳುತ್ತಾನೆ. ಇದನ್ನು ನೀನು ಅವರಿಗೆ ತಾಳ್ಮೆಯಿಂದಲೇ ಹೇಳಿದ್ದೆ. ಅವರು ಪೂರ್ತಿ ಕೇಳಿ, “ನಿನ್ನ ಕಂಪ್ಯೂಟರ್‌ನಲ್ಲಿ ಇವೆ, ನನ್ನ ಬೆಟ್ಟದಲ್ಲಿ ಇಲ್ಲ,” ಎಂದರು. ಆಗ ಇಬ್ಬರೂ ನಕ್ಕಿದ್ದಿರಿ. ಅದು ಜಗಳವಾಗಿರಲಿಲ್ಲ.

ಜಗಳವಾದದ್ದು ಎರಡು ವರ್ಷದ ನಂತರ, ಪೊಮೊನಾದ ಆ ಸಭೆಯಲ್ಲಿ. ನೀನು ಭಾಷಣ ಮಾಡುವುದನ್ನು ನಾವು ಮೊದಲ ಸಲ ನೋಡುವುದು. ಮುಗಿದ ಮೇಲೆ ತಿನ್ನೋಣವೆಂದು ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದೆ. ಅಪ್ಪ ಪಕ್ಕದ ಕುರ್ಚಿಯವರಿಗೆ, ಗುರುತು ಪರಿಚಯ ಇಲ್ಲದವರಿಗೆ, “ದಟ್ಸ್ ಮೈ ಡಾಟರ್” ಎಂದಿದ್ದರು. ಆಮೇಲೆ ಪರದೆಯ ಮೇಲೆ ಒಂದೊಂದೇ ಬೇಟೆಗಾರನ ಮಾತು ಬಂತು. ಕಾಡು ತಮ್ಮದೇ ಎಂಬ ಗರ್ವ ಎನ್ನುವ ಅರ್ಥದ ತಲೆಬರಹ, ಅದರ ಕೆಳಗೆ ಇಂಗ್ಲಿಷಿನಲ್ಲಿ ಅಪ್ಪನ ಮಾತು. ಹೆಸರಿಲ್ಲ. ವಲಸಿಗ, ದಕ್ಷಿಣ ಕ್ಯಾಲಿಫೋರ್ನಿಯಾ, ಅರವತ್ತು ದಾಟಿದವರು, ಅಷ್ಟೇ. ಹಿಂದಿನ ಸಾಲಿನಿಂದ ಒಬ್ಬ, “ಕಾಡೇನು ಇವರ ಐಡಿ ಕಾರ್ಡ್ ನೋಡಬೇಕಿತ್ತಾ?” ಎಂದ. ಸಭೆ ನಕ್ಕಿತು. ನೀನೂ ನಕ್ಕೆ.

ನೀನು ನಕ್ಕದ್ದು ಆ ಮನುಷ್ಯನಿಗಾಗಿ, ಅಪ್ಪನನ್ನು ನೋಡಿ ಅಲ್ಲ. ವೇದಿಕೆಯ ಮೇಲೆ ನಿಂತವರು ಹಾಗೆ ನಗಲೇಬೇಕಾಗುತ್ತದೆ. ಅದು ನನಗೆ ಗೊತ್ತು. ಅಪ್ಪನಿಗೂ ಗೊತ್ತಿತ್ತು ಎಂದುಕೊಂಡಿದ್ದೇನೆ. ಅವರು ಎದ್ದು ಹೋಗಲಿಲ್ಲ, ಕೊನೆಯವರೆಗೂ ಕೂತರು, ಚಪ್ಪಾಳೆ ತಟ್ಟಿದರು. ಪಾರ್ಕಿಂಗ್ ಜಾಗಕ್ಕೆ ನೀನು ಓಡಿಬಂದಾಗ “ಚೆನ್ನಾಗಿ ಮಾತಾಡಿದೆ” ಎಂದು ಹೇಳಿ ಕಾರು ಹತ್ತಿದರು. ಮನೆಗೆ ಬರುವ ದಾರಿಯಲ್ಲಿ ಹೇಳಿದ್ದು ಒಂದೇ ವಾಕ್ಯ: “ಇಂಗ್ಲಿಷಲ್ಲೇ ಹೇಳಬೇಕಿತ್ತು ನಾನು.”

ಫೋನಿನಲ್ಲಿ ನಡೆದದ್ದು ನಿನಗೇ ಗೊತ್ತು. ಹೆಸರು ಹಾಕಿರಲಿಲ್ಲವಲ್ಲ, ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂದು ನೀನು ಅತ್ತೆ. “ಹೆಸರು ಹಾಕಿದ್ದಿದ್ರೆ ಯಾರೂ ನಗ್ತಿರಲಿಲ್ಲ,” ಎಂದರು ಅವರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಲ್ಕ್ ತಿಂದು ಬೆಳೆದವಳು ತೋಳಕ್ಕೆ ವಕಾಲತ್ತು ಮಾಡ್ತೀಯ ಎಂದರು, ಬೇಟೆಗಾರರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸ್ತೀಯ ಎಂದರು. ನೀನು “ಐ ಆಮ್ ಡನ್” ಎಂದು ಇಟ್ಟೆ. ಆಮೇಲೆ ಯುಗಾದಿಗೊಂದು, ದೀಪಾವಳಿಗೊಂದು ಮೆಸೇಜು. ಅವರು ಅದಕ್ಕೆ ಕೈಮುಗಿಯುವ ಚಿತ್ರ ಕಳಿಸುತ್ತಿದ್ದರು.

ಈಗ ಅವರು ಹೇಳಬೇಡ ಎಂದಿದ್ದ ಸಂಗತಿ.

ಹೋದ ವರ್ಷ, ಎಷ್ಟೋ ವರ್ಷ ಅರ್ಜಿ ಹಾಕಿದ ಮೇಲೆ, ಅಪ್ಪನಿಗೆ ಕ್ಯಾಲಿಫೋರ್ನಿಯಾದಲ್ಲೇ ಎಲ್ಕ್ ಹೊಡೆಯುವ ಪರವಾನಗಿ ಲಾಟರಿಯಲ್ಲಿ ಬಂತು. ಟೆಹಚಾಪಿ ಬೆಟ್ಟಗಳ ಕಡೆ, ಒಂದು ರ್ಯಾಂಚಿನಲ್ಲಿ. ಮನೆಯಿಂದ ಎರಡು ಗಂಟೆಯ ದಾರಿ. ಅರವತ್ತೇಳನೆಯ ವಯಸ್ಸಿನಲ್ಲಿ ಇದೇ ಕೊನೆಯದು ಎಂದು ಅವರಿಗೂ ಗೊತ್ತಿತ್ತು. ಹೆಕ್ಟರ್ ಜೊತೆಗೆ ಹೋದ. ಅವನಿಗೆ ಪರವಾನಗಿ ಇರಲಿಲ್ಲ, ಸಹಾಯಕ್ಕೆ ಅಂತ. ಆದರೂ ಅವನ ಟ್ರಕ್ಕಿನಲ್ಲಿ ಅವನ ಬಂದೂಕು ಯಾವತ್ತೂ ಇರುತ್ತಿತ್ತು. ಕಾಡುಹಂದಿ ಸಿಕ್ಕರೆ ಇರಲಿ ಅನ್ನುತ್ತಿದ್ದ.

ಮಾರನೆಯ ದಿನ ಅಪ್ಪ ಬರಿಗೈಯಲ್ಲಿ ಬಂದರು. ಹೆಕ್ಟರ್ ಗೇಟಿನ ಹೊರಗೇ ಇಳಿಸಿ ಹೋದ. ಒಳಗೆ ಬರಲಿಲ್ಲ, ಹಾರ್ನ್ ಕೂಡ ಹೊಡೆಯಲಿಲ್ಲ. ನಾನು ಅನ್ನ ಸಾರು ಬಡಿಸಿದೆ. ಕಲಸುತ್ತಾ ಕಲಸುತ್ತಾ ಹೇಳಿದರು.

ಬೆಳಕು ಹರಿದ ಮೇಲೆ ಓಕ್ ಮರಗಳ ಅಂಚಿನಲ್ಲಿ ಕೂತಿದ್ದರಂತೆ. ಎದುರಿನ ಒಣಹುಲ್ಲಿನ ಇಳಿಜಾರಿನಲ್ಲಿ ಎಲ್ಕ್ ಹಿಂಡು ಮೇಯುತ್ತಿತ್ತು. ಒಂದು ಹೆಣ್ಣು ಎಲ್ಕಿಗೆ ಅವರು ಗುರಿ ಇಟ್ಟಿದ್ದರು. ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಅಷ್ಟರಲ್ಲಿ ಹಿಂಡೆಲ್ಲ ಒಟ್ಟಿಗೆ ತಲೆಯೆತ್ತಿತು. ಇವರ ಕಡೆಗಲ್ಲ, ಕೆಳಗಿನ ಒಣ ಹಳ್ಳದ ಕಡೆಗೆ. ಅಲ್ಲಿಂದ ಒಂದು ತೋಳ ಮೇಲೆ ಬಂತು. ಒಂಟಿ. ನಾವು ಅಂದುಕೊಂಡ ಹಾಗೆ ದಪ್ಪಗೆ ಇರಲಿಲ್ಲ, ಪಕ್ಕೆಲುಬು ಕಾಣುತ್ತಿತ್ತು ಎಂದರು. ಹಿಂಡಿನ ಸುತ್ತ ಅರ್ಧ ಸುತ್ತು ಬಂತು. ಹಿಂಡು ಓಡಿತು, ತೋಳ ಹಿಂದೆ ಓಡಿತು. ಸ್ವಲ್ಪ ಕುಂಟುತ್ತಿದ್ದ ಒಂದು ಮುದಿ ಎಲ್ಕ್ ಹಿಂದೆ ಬಿತ್ತು. ಅದನ್ನೇ ಹಿಡಿಯುತ್ತದೆ ಎಂದು ಇವರು ನೋಡುತ್ತಿದ್ದರೆ, ಆ ಮುದುಕಿ ತಟ್ಟನೆ ತಿರುಗಿ ನಿಂತು ಮುಂಗಾಲನ್ನು ನೆಲಕ್ಕೆ ಬಡಿಯಿತಂತೆ. ತೋಳ ನಿಂತಿತು. ಆಮೇಲೆ ಕೂತುಕೊಂಡಿತು, ಬೀದಿನಾಯಿಯ ಹಾಗೆ, ನಾಲಗೆ ಚಾಚಿಕೊಂಡು. ಎಲ್ಕುಗಳೆಲ್ಲ ಗುಡ್ಡದಾಚೆ, ಪರವಾನಗಿ ನಡೆಯದ ಪಕ್ಕದ ಜಮೀನಿಗೆ ಇಳಿದುಹೋದವು. ಅಪ್ಪನ ಕೊನೆಯ ಬೇಟೆ ಹಾಗೆ ಮುಗಿಯಿತು.

ಹೆಕ್ಟರ್ ಅಷ್ಟರಲ್ಲಿ ತನ್ನ ಬಂದೂಕು ಎತ್ತಿದ್ದನಂತೆ. “ನಿನ್ನ ಎಲ್ಕ್ ಅದು. ನಿನ್ನದನ್ನ ಕದ್ದಿದ್ದು ಅದು. ಇಲ್ಲಿ ಯಾರೂ ಇಲ್ಲ,” ಎಂದನಂತೆ. ತೋಳ ಇನ್ನೂ ಅಲ್ಲೇ ಕೂತಿತ್ತು. ತಪ್ಪುವ ದೂರವೇ ಅಲ್ಲ. ಅಪ್ಪ ಅವನ ಬಂದೂಕಿನ ನಳಿಕೆಯನ್ನು ಹಿಡಿದು ಕೆಳಕ್ಕೆ ಒತ್ತಿದರು. ಇಲ್ಲಿ ತೋಳ ಹೊಡೆಯುವುದು ಅಪರಾಧ ಎಂಬ ಕಾನೂನಿನ ಮಾತು ಅವರ ಬಾಯಿಗೆ ಬರಲಿಲ್ಲ. ಹೇಳಿದ್ದು ಇಷ್ಟು: “ಅದನ್ನ ಹೊಡೆದ್ರೆ ನನ್ನ ಮಗಳ ಲೆಕ್ಕ ತಪ್ಪುತ್ತೆ.”

ಹೆಕ್ಟರ್ ಅವರನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದನಂತೆ. ಇಪ್ಪತ್ತೈದು ವರ್ಷದ ಗೆಳೆಯ. ಈ ಊರಿನಲ್ಲಿ ಅವರಿಗೆ ಗೆಳೆಯ ಎಂದು ಇದ್ದವನು ಅವನೊಬ್ಬನೇ. ಆಮೇಲೆ ತಿಂಗಳುಗಟ್ಟಲೆ ಅವನ ಫೋನ್ ಬರಲಿಲ್ಲ. ಇವರೂ ಮಾಡಲಿಲ್ಲ.

ಮೇಧಾಗೆ ಹೇಳಿ, ಈಗಲೇ ಫೋನ್ ಮಾಡಿ ಎಂದು ನಾನು ಗೋಗರೆದೆ. ಅವರು ಕೈ ತೊಳೆದು ಬಂದು, “ಬೇಡ. ಹೇಳಿದ್ರೆ ಅದನ್ನೂ ಸ್ಲೈಡ್ ಮಾಡ್ತಾಳೆ,” ಎಂದರು. ನಗುತ್ತಾ ಹೇಳಿದರೋ ನೋವಿನಿಂದ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕೈಲಿ ಆಣೆ ಹಾಕಿಸಿಕೊಂಡರು.

ಅವರು ಮನಸ್ಸು ಬದಲಾಯಿಸಿಕೊಂಡರು ಎಂದು ನೀನು ತಿಳಿಯಬೇಡ. ತೋಳದ ಮೇಲೆ ಅವರಿಗೆ ಪ್ರೀತಿ ಬರಲಿಲ್ಲ. ಅದು ಬಂದರೆ ಎಲ್ಕ್ ಉಳಿಯಲ್ಲ ಎಂದು ಕೊನೆಯವರೆಗೂ ಅನ್ನುತ್ತಿದ್ದರು. ನಿನ್ನ ಅಧ್ಯಯನ ಗೆದ್ದಿತು ಎಂದು ಇದನ್ನು ಓದಬೇಡ. ಅವರ ನಂಬಿಕೆಯೂ ನಿನ್ನ ಮೇಲಿನ ಅಕ್ಕರೆಯೂ ಒಂದೇ ಮನುಷ್ಯನೊಳಗೆ ಇದ್ದವು, ಒಂದಕ್ಕೊಂದು ಮಾತಾಡುತ್ತಿರಲಿಲ್ಲ, ಅಷ್ಟೇ. ನಿನ್ನ ಪ್ರಶ್ನಾವಳಿಯಲ್ಲಿ ಅದಕ್ಕೊಂದು ಚೌಕ ಇತ್ತೋ ಇಲ್ಲವೋ.

ಫೆಬ್ರವರಿಯಲ್ಲಿ ಸ್ಟ್ರೋಕ್ ಆಯಿತು. ಎಡಮಿದುಳಿಗೆ ಎಂದರು ಡಾಕ್ಟರ್. ಬಲಗೈ ಹೋಯಿತು, ಇಂಗ್ಲಿಷ್ ಹೋಯಿತು. ನಾನು ನಿನಗೆ ಫೋನಿನಲ್ಲಿ “ಅಪ್ಪನಿಗೆ ಇಂಗ್ಲಿಷ್ ಹೋಗಿದೆ” ಎಂದಾಗ ಬರೀ ಮಾತಾಡುವುದು ಹೋಗಿದೆ ಎಂದುಕೊಂಡೆಯೇನೋ. ಕೇಳಿದರೆ ತಿಳಿಯುವುದೂ ಹೋಗಿತ್ತು ಮೇಧಾ. ನಲವತ್ತು ವರ್ಷ ಮೀಟಿಂಗು ನಡೆಸಿದ ಭಾಷೆ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಆಗಿಬಿಟ್ಟಿತ್ತು. ಮೊದಲ ಕೆಲವು ದಿನ ನಮಗೂ ಇದು ಗೊತ್ತಾಗಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ನಾಯಿಯ ಚಿತ್ರ ತೋರಿಸಿದಳು. ಇವರು “ನಾಯಿ” ಎಂದರು. ಅವಳು ತಪ್ಪು ಎಂದು ಗುರುತು ಹಾಕಿಕೊಂಡಳು. ಸರಿಯಾಗೇ ಹೇಳ್ತಿದಾರೆ ಎಂದು ನಾನು ಕೂಗಿದೆ. ಅವತ್ತು ನಮಗೆ ಗೊತ್ತಾಯಿತು. ನೀನು ಬಂದು ಸಾರಿ ಕೇಳಿದ್ದು ಅದಕ್ಕೂ ಮುಂಚೆ.

ನೀನು “ಅಪ್ಪಾ, ಐ ಆಮ್ ಸಾರಿ” ಎಂದೆಯಂತೆ. ಅವರು “ಊಟ ಆಯ್ತಾ ಮಗಳೇ?” ಎಂದರಂತೆ. ನೀನು ಮತ್ತೆ ಇಂಗ್ಲಿಷಿನಲ್ಲಿ, ಪ್ಲೀಸ್ ನನ್ನ ಮಾತು ಕೇಳಿ ಎಂದೆಯಂತೆ. ಅವರು ಮತ್ತೆ “ಊಟ ಆಯ್ತಾ?” ಎಂದರಂತೆ. ಮಾತು ಮರೆಸುತ್ತಿದ್ದಾರೆ ಎಂದು ನೀನು ಹೊರಗೆ ಹೋದೆ. ಆಮೇಲೆ ಬಂದಾಗಲೆಲ್ಲ ನನ್ನ ಜೊತೆ ಅಡುಗೆಮನೆಯಲ್ಲೇ ಇದ್ದು ಹೊರಟುಹೋಗುತ್ತಿದ್ದೆ. ಅವರಿಗೆ ಸುಸ್ತಾಗದಿರಲಿ ಎಂದು ನೀನು ಹಾಗೆ ಮಾಡುತ್ತಿದ್ದೀಯ ಎಂದು ನಾನಂದುಕೊಂಡಿದ್ದೆ.

ಅವರು ಮಾತು ಮರೆಸಲಿಲ್ಲ. ಎದುರಿಗೆ ನೀನು ಅಳುತ್ತಿದ್ದೆ. ಯಾಕೆ ಎಂದು ಅವರಿಗೆ ಗೊತ್ತಾಗಲಿಲ್ಲ. ಮಗಳು ಅತ್ತರೆ ಹಸಿವಾಗಿದೆಯೇನೋ ಎಂದು ಕೇಳಿದರು. ಅವರ ಹತ್ತಿರ ಉಳಿದಿದ್ದ ಮಾತು ಅಷ್ಟು.

ಅವರು ನಿನ್ನನ್ನು ಕ್ಷಮಿಸಿದ್ದೇನೆ ಎಂದು ನನ್ನ ಹತ್ತಿರ ಹೇಳಿದರು ಎಂದು ಬರೆದುಬಿಡಬಹುದು. ನಿನಗೆ ಸಮಾಧಾನವಾಗುತ್ತದೆ. ಆದರೆ ಆ ಮಾತು ಅವರ ಬಾಯಿಂದ ಬರಲಿಲ್ಲ. ನಮ್ಮ ಮನೆಗಳಲ್ಲಿ ಆ ಪದವನ್ನು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಕೇಳಿದ್ದು, ಕಂಡದ್ದು ಇದೇ. ಇದನ್ನು ನಿನಗೆ ಕೊಡುತ್ತಿದ್ದೇನೆ.

ಏಪ್ರಿಲಿನಲ್ಲಿ ಹೆಕ್ಟರ್ ಬಂದ. ಯಾರು ಹೇಳಿದರೋ, ಸುದ್ದಿ ಮುಟ್ಟಿತ್ತು. ಬಾಗಿಲಲ್ಲಿ ಟೋಪಿ ಕೈಲಿ ಹಿಡಿದು ನಿಂತಿದ್ದ. ಅಪ್ಪನಿಗೆ ಇಂಗ್ಲಿಷ್ ಅರ್ಥವಾಗಲ್ಲ ಎಂದು ಹೇಳಿದೆ. ತಲೆಯಾಡಿಸಿದ, ಆದರೂ ಪಕ್ಕದಲ್ಲಿ ಕೂತು ಮಾತಾಡತೊಡಗಿದ. ಐಡಾಹೋದ ಹಳೆಯ ಕತೆಗಳು, ಟೈರ್ ಪಂಕ್ಚರ್ ಆದದ್ದು, ಮಂಜಿನಲ್ಲಿ ದಾರಿ ತಪ್ಪಿದ್ದು. ಅಪ್ಪ ಕನ್ನಡದಲ್ಲಿ ಕಾಕನಕೋಟೆಯ ಜೀಪಿನ ವಿಷಯ ಹೇಳತೊಡಗಿದರು. ಇವನು ನಕ್ಕರೆ ಅವರು ನಗುತ್ತಿದ್ದರು. ಅವರು ನಿಲ್ಲಿಸಿದರೆ ಇವನು “ಯಾ, ಯಾ, ಐ ನೋ” ಎನ್ನುತ್ತಿದ್ದ. ನಾನು ಯಾವುದನ್ನೂ ತರ್ಜುಮೆ ಮಾಡಲಿಲ್ಲ. ಮಾಡಿದ್ದರೆ ಕೆಡುತ್ತಿತ್ತು. ಅವತ್ತಿನಿಂದ ಅವನು ವಾರ ವಾರ ಬರುತ್ತಿದ್ದ. ಜೂನ್‌ನಲ್ಲಿ ಎರಡನೆಯ ಸ್ಟ್ರೋಕ್ ಆಗುವವರೆಗೂ ಬಂದ. ಅಂತ್ಯಕ್ರಿಯೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಜೋರಾಗಿ ಅತ್ತ ಆ ದೊಡ್ಡ ಮನುಷ್ಯ ಅವನೇ. ನೀನು ಅವನ ಕಡೆ ನೋಡಲಿಲ್ಲ. ತೋಳ ದ್ವೇಷಿ ಎಂದು ನಿನ್ನ ಹತ್ತಿರ ಅವನ ಲೆಕ್ಕ ಇದೆ. ಅದೂ ನಿಜವೇ. ಈಗಲೂ ಅವನು ತೋಳ ಎಂದರೆ ಹಲ್ಲು ಕಡಿಯುತ್ತಾನೆ.

ನಾನೂ ನಿನ್ನ ಮೇಲೆ ಸಿಟ್ಟಾಗಿದ್ದೆ. ಪೊಮೊನಾದಿಂದ ಹಿಡಿದು ಮೊನ್ನೆ ಆಕರ್ಷ್ ಫೋನ್ ಮಾಡುವವರೆಗೂ ಇತ್ತು ಸಿಟ್ಟು. ಕ್ಯಾಲಬಾಸಸ್ ದೇವಸ್ಥಾನದಲ್ಲಿ ಯಾರಾದರೂ ‘ಮಗಳು ಹೇಗಿದ್ದಾಳೆ’ ಎಂದರೆ ಚೆನ್ನಾಗಿದ್ದಾಳೆ ಎಂದು ಬೇರೆ ಕಡೆ ನೋಡುತ್ತಿದ್ದೆ. ಈಗ ಆ ಸಿಟ್ಟನ್ನು ಹುಡುಕಿದರೆ ಸಿಗುತ್ತಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಒಂದೇ ಮಾತನ್ನು ಎರಡು ಸಲ ಹೇಳಿ, ಎರಡು ಸಲವೂ ಊಟದ ಉತ್ತರ ಪಡೆದ ನನ್ನ ಮಗಳು ಕಾಣುತ್ತಾಳೆ. ತಪ್ಪಾಯ್ತಪ್ಪ ಎಂದಿದ್ದರೆ ಸಾಕಿತ್ತು ಕಣೇ. ನಿನಗೆ ಆ ಪದ ಗೊತ್ತಿತ್ತು. ಆ ಹೊತ್ತಿಗೆ ನಾಲಗೆಗೆ ಬರಲಿಲ್ಲ, ಏನು ಮಾಡುವುದು.

ಕೆಲಸ ಬಿಡುವುದಾದರೆ ನಿನಗೆ ಬೇಡವಾಗಿದ್ದರೆ ಬಿಡು. ಅವರಿಗೋಸ್ಕರ ಬಿಡಬೇಡ. ಅವರು ಅದನ್ನು ಕೇಳಿಲ್ಲ. ಆ ಪುಟವನ್ನೂ ತೆಗೆಯಬೇಡ. ತಲೆಬರಹ ತೆಗೆ. ಅವರ ಮಾತನ್ನು ಮೊದಲು ಕನ್ನಡದಲ್ಲೇ ಹಾಕು, ಇಂಗ್ಲಿಷ್ ಆಮೇಲೆ ಬರಲಿ. ಕೆಳಗೆ ಹೆಸರು ಹಾಕು: ಚಂದ್ರಮೋಹನ್ ಅರಸ್, ಹುಣಸೂರು. ಒಪ್ಪಿಗೆ ಬೇಕು, ಸಹಿ ಬೇಕು ಎಂದು ನಿಮ್ಮವರು ಕೇಳಿದರೆ ನಾನು ಹಾಕುತ್ತೇನೆ. ಟೆಹಚಾಪಿಯ ಸಂಗತಿಯನ್ನು ಬರೆಯುತ್ತೀಯೋ ಬಿಡುತ್ತೀಯೋ, ಅದು ನಿನ್ನದು. ಸ್ಲೈಡ್ ಮಾತ್ರ ಮಾಡಬೇಡ. ಅಷ್ಟು ಮಾತು ನಡೆಸಿಕೊಡು ಅವರಿಗೆ.

ದೀಪಾವಳಿಗೆ ಬಾ. ಇಬ್ಬರೂ ಬನ್ನಿ. ಇಲ್ಲ, ನೀನೊಬ್ಬಳೇ ಒಂದು ದಿನ ಮೊದಲು ಬಾ. ಅಪ್ಪನ ಕೋಣೆಯನ್ನು ನಾನಿನ್ನೂ ಮುಟ್ಟಿಲ್ಲ. ಒಬ್ಬಳ ಕೈಲಾಗುವುದಿಲ್ಲ.

ಊಟ ಮಾಡದೆ ಕೆಲಸ ಮಾಡುತ್ತಾ ಕೂರಬೇಡ.

ಸದಾ ನಿನ್ನನ್ನೇ ನೆನೆಯುವ,
ಅಮ್ಮ
(ನೀರಜಾ)

ಮರೆತಿದ್ದೆ: ಮೇ ತಿಂಗಳಲ್ಲಿ, ಟೆಹಚಾಪಿಯ ಕೆಳಗಿನ ಹೆದ್ದಾರಿಯಲ್ಲಿ ಟ್ರಕ್ಕಿಗೆ ಸಿಕ್ಕಿ ಒಂದು ತೋಳ ಸತ್ತಿತು ಎಂದು ಪೇಪರಿನಲ್ಲಿ ಬಂದಿತ್ತು. ಆ ಹಾಳೆಯನ್ನು ನಾನು ಅಪ್ಪನಿಗೆ ಕಾಣದ ಹಾಗೆ ಎತ್ತಿಟ್ಟೆ. ಆ ದಿನಗಳಲ್ಲಿ ಅವರು ಎದ್ದ ಕೂಡಲೇ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಅದು ರಸ್ತೆ ದಾಟಿತಾ?” ಯಾವುದು ಎಂದು ಒಂದು ಸಲವೂ ನಾನು ಕೇಳಲಿಲ್ಲ. ದಾಟಿತು ರೀ, ಆಚೆ ಹೋಯಿತು ಎನ್ನುತ್ತಿದ್ದೆ. ಸರಿ ಎಂದು ಮತ್ತೆ ಕಣ್ಣು ಮುಚ್ಚುತ್ತಿದ್ದರು. ಸತ್ತದ್ದು ಅದೇ ತೋಳವೋ ಬೇರೆಯದೋ, ನಿಮ್ಮ ಆಫೀಸಿನಲ್ಲಿ ಗೊತ್ತಿರುತ್ತದೆ. ನಿನಗೆ ಗೊತ್ತಿದ್ದರೆ ನನಗೆ ಹೇಳಬೇಡ.